ಅಣ್ಣಮ್ಮನ ಶಕ್ತಿಮಾತ್ರೆ

ದೊಮ್ಮಲೂರಿನ ಅಣ್ಣಮ್ಮನಿಗೆ ಮಾತ್ರೆ ಬಾಟಲಿಯೊಳಗೆ ಒಂದು ಹಿಡಿ ಅಕ್ಕಿ ಹಾಕಿಡುವ ಅಭ್ಯಾಸವಿತ್ತು. ಆ ಮಾತ್ರೆಯ ಗುಣವೇ ಅಂಥದ್ದು. ತಗಡಿನ ಹಾಳೆಯಿಂದ ಬಿಡಿಸಿ ಇಟ್ಟರೆ ಸಾಕು, ಬೆವತು ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು. ಉಪ್ಪಿನ ಡಬ್ಬಿಗೆ ಅಕ್ಕಿ ಹಾಕುವುದಿಲ್ಲವೇ, ಹಾಗೆಯೇ ಇದಕ್ಕೂ. ಹಾಳೆಯಲ್ಲೇ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತಿರಲಿಲ್ಲ ಸ್ವಾಮಿ. ಹಾಳೆಯ ಮೇಲೆ ಹೆಸರಿರುತ್ತದೆ. ಆ ಹೆಸರನ್ನು ಮುಚ್ಚಿಡುವುದರಲ್ಲೇ ಆ ಹೆಂಗಸಿನ ಅರ್ಧ ಆಯಸ್ಸು ಕಳೆದುಹೋಯಿತು.

ಅಣ್ಣಮ್ಮ ಮದುವೆಯಾಗಿ ಬಂದಾಗ ದೊಮ್ಮಲೂರು ಇನ್ನೂ ಹಳ್ಳಿಯ ಹಾಗೇ ಇತ್ತು. ಆಮೇಲೆ ಗಂಡ ರಾಮಾಂಜಿನಪ್ಪನ ರಾಗಿ ಹೊಲ ಲೇಔಟಿಗೆ ಹೋಯಿತು. ಆ ಹೊಲದ ಮೇಲೆ ಮನೆ ಕಟ್ಟಿದವರಿಗೇ ಅವಳು ಹಾಲು ಹಾಕತೊಡಗಿದಳು. ಉಳಿದದ್ದು ಎರಡು ಹಸು, ಸಾಲಾಗಿ ನಾಲ್ಕು ಬಾಡಿಗೆ ಮನೆ, ಮತ್ತು ಅವಳ ಬಾಯಿ. ಆ ಬಾಯಿಗೆ ಇಂದಿರಾನಗರದ ರಿಟೈರಾದ ಮಿಲಿಟರಿ ಆಫೀಸರುಗಳೂ ಹೆದರುತ್ತಿದ್ದರು. ಹಾಲು ತೆಳ್ಳಗಿದೆ ಎಂದು ಒಬ್ಬರು ರಾಗ ಎಳೆದದ್ದಕ್ಕೆ, "ನಿಮ್ಮ ನಾಯಿ ದಿನಾ ದಪ್ಪಗಾಗ್ತಿದೆಯಲ್ಲ ಸಾರ್, ಅದನ್ನ ಕೇಳಿ ಹೆಂಗಿದೆ ಹಾಲು ಅಂತ" ಎಂದು ಕ್ಯಾನು ಎತ್ತಿಕೊಂಡು ಬಂದವಳು. ಅಂಥ ಜೋರಿನ ಹೆಂಗಸಿನ ಬಾಯಿ ಒಂದೇ ಒಂದು ಪದದ ಮುಂದೆ ಕಟ್ಟಿಹೋಗುತ್ತಿತ್ತು. ಆ ಪದ ಫಿಟ್ಸ್.

ಸುಮ್ಮನೆ ಅಲ್ಲ, ಕಾರಣವಿತ್ತು. ರಾಮಾಂಜಿನಪ್ಪನ ಸೋದರತ್ತೆಯೊಬ್ಬಳಿಗೆ ಮೂರ್ಛೆ ಬರುತ್ತಿತ್ತು. ಗಂಡನ ಮನೆಯವರು ಮದುವೆಯಾದ ವರ್ಷವೇ ಅವಳನ್ನು ತಂದು ತವರಿನ ಜಗುಲಿಯ ಮೇಲೆ ಕೂರಿಸಿ ಹೊರಟುಹೋಗಿದ್ದರು. ಅಣ್ಣಮ್ಮ ಸೊಸೆಯಾಗಿ ಬರುವ ಹೊತ್ತಿಗೆ ಅವಳು ಮುದುಕಿಯಾಗಿ ಕೊಟ್ಟಿಗೆಯ ಮೂಲೆಯಲ್ಲಿ ಮಲಗುತ್ತಿದ್ದಳು. ತಟ್ಟೆ ಬೇರೆ, ಲೋಟ ಬೇರೆ. ಅವಳಿಗೆ ಊಟ ಇಡುವುದು ಹೊಸ ಸೊಸೆಯ ಕೆಲಸವಾಗಿತ್ತು. ತಟ್ಟೆಯನ್ನು ದೂರದಿಂದಲೇ ಸರಿಸಬೇಕೆಂದು ಅತ್ತೆಯ ಕಟ್ಟಪ್ಪಣೆ. ಸರಿಸುವಾಗಲೆಲ್ಲ ಮುದುಕಿ, "ನಂಗೂ ಒಂದು ಮನೆ ಇತ್ತು ಕಣಮ್ಮಿ" ಅನ್ನುತ್ತಿದ್ದಳು. ಬೈದಿದ್ದರೆ ಅಣ್ಣಮ್ಮ ಮರೆತುಬಿಡುತ್ತಿದ್ದಳೇನೋ. ಈ ಮಾತು ಮಾತ್ರ ಅವಳ ಎದೆಯಲ್ಲಿ ಕೂತುಬಿಟ್ಟಿತು.

ಹರಕೆ ಹೊತ್ತು, ಡಾಕ್ಟರ ಮನೆ ಬಾಗಿಲು ಸವೆಸಿ, ಕೊನೆಗೂ ಹುಟ್ಟಿದ ಒಬ್ಬಳೇ ಮಗಳು ಪದ್ಮಶ್ರೀ. ನೋಡಿದರೆ ಕಣ್ಣು ತುಂಬುವಂಥ ಹುಡುಗಿ. ಆದರೆ ಅಯ್ಯೋ, ಆ ಹುಡುಗಿಯನ್ನು ಸಾಕುವುದು ಅಂದರೆ! ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ತುತ್ತು ಬಾಯಿಗಿಡುವಷ್ಟರಲ್ಲಿ ಬೀದಿಯಲ್ಲಿರುವಳು. ಸ್ಕೂಲಿನಲ್ಲಿ ಎಲ್ಲರೂ ಮಗ್ಗಿ ಹೇಳುತ್ತಿದ್ದರೆ ಇವಳು ಬೆಂಚಿನ ಮೇಲೆ ನಡೆಯುತ್ತಿದ್ದಳು. ಒಮ್ಮೆ ಹಸುಗಳ ಹಗ್ಗ ಬಿಚ್ಚಿ ಏರ್‌ಪೋರ್ಟ್ ರಸ್ತೆಗೆ ಅಟ್ಟಿಬಿಟ್ಟಳು, ಬಸ್ಸಿನವರೆಲ್ಲ ಇಳಿದು ಬೈದರು. ಅದಾದರೂ ನಗುವ ಮಾತು. ಸಿಟ್ಟು ಬಂದರೆ ಮಾತ್ರ ನಗಲಾಗುತ್ತಿರಲಿಲ್ಲ. ಕಚ್ಚುವುದು, ಕೈಗೆ ಸಿಕ್ಕಿದ್ದನ್ನು ಎಸೆಯುವುದು, ಆಮೇಲೆ ತಾನು ಮಾಡಿದ್ದನ್ನು ತಾನೇ ನೋಡಿ ಬಿಕ್ಕಿಬಿಕ್ಕಿ ಅಳುವುದು. "ಮುದ್ದು ಜಾಸ್ತಿಯಾಯ್ತು, ನಾಲ್ಕು ಬಿಗಿ" ಎಂದರು ನೆಂಟರು. ಬಿಗಿದದ್ದೂ ಆಯಿತು. ಹಲಸೂರಿನಲ್ಲಿ ತಾಯತ ಕಟ್ಟಿಸಿದ್ದಾಯಿತು, ಶಿವಾಜಿನಗರದ ದರ್ಗಾದಲ್ಲಿ ನವಿಲುಗರಿ ಬೀಸಿಸಿದ್ದೂ ಆಯಿತು. ಯಾವುದೂ ನಾಟಲಿಲ್ಲ.

ತೊಂಬತ್ತಮೂರನೆಯ ಇಸವಿಯಲ್ಲಿ, ಹುಡುಗಿಗೆ ಒಂಬತ್ತು ತುಂಬಿದಾಗ, ಬಾಡಿಗೆ ಮನೆಯವರ ಕೂಸನ್ನು ಮೆಟ್ಟಿಲ ಮೇಲಿಂದ ತಳ್ಳಿಬಿಟ್ಟಳು. ಕೂಸಿನ ತಲೆ ಒಡೆಯಿತು. ಪುಣ್ಯಕ್ಕೆ ಜೀವ ಉಳಿಯಿತು. ಅವರು ಅದೇ ವಾರ ಮನೆ ಖಾಲಿ ಮಾಡಿದರು, ಸ್ಕೂಲಿನವರೂ ಟಿ.ಸಿ. ತೆಗೆದುಕೊಂಡು ಹೋಗಿ ಎಂದರು. ಹಾಲು ಹಾಕುವ ಮನೆಯ ಟೀಚರಮ್ಮ ಒಬ್ಬರು ಮರುಕಪಟ್ಟು, ದೊಡ್ಡಾಸ್ಪತ್ರೆಗೆ ಹೋಗು, ಮಕ್ಕಳ ಮನಸ್ಸು ನೋಡುವ ಡಾಕ್ಟರಿದ್ದಾರೆ ಎಂದು ಹೇಳಿಕೊಟ್ಟರು.

ಡಾಕ್ಟರಮ್ಮ ಹುಡುಗಿಯ ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿಸಿದರು, ಗಂಟೆಗಟ್ಟಲೆ ಆಟ ಆಡಿಸಿ ನೋಡಿದರು. ಮೊದಲು ಒಂದು ಮಾತ್ರೆ ಕೊಟ್ಟರು, ಹಿಡಿಯಲಿಲ್ಲ. ಆಮೇಲೆ ಇನ್ನೊಂದನ್ನು ಬರೆದರು. ಬರೆಯುತ್ತಾ ಹೇಳಿದರು: "ಇವಳಿಗೆ ಫಿಟ್ಸ್ ಇಲ್ಲಮ್ಮ. ಆದ್ರೆ ಇದು ಫಿಟ್ಸ್‌ಗೆ ಕೊಡೋ ಮಾತ್ರೆನೇ. ಕೆಲವು ಮಕ್ಕಳಿಗೆ ಇದರಿಂದ ಸಿಟ್ಟು, ಚಡಪಡಿಕೆ ಕಮ್ಮಿಯಾಗತ್ತೆ. ಎಲ್ಲರಿಗೂ ಆಗತ್ತೆ ಅಂತ ಹೇಳಲ್ಲ. ನೋಡೋಣ."

ಫಿಟ್ಸ್ ಇಲ್ಲ ಅಂದಮೇಲೆ ಫಿಟ್ಸಿನ ಮಾತ್ರೆ ಯಾಕೆ? ಕೇಳಲು ಅಣ್ಣಮ್ಮನಿಗೆ ಬಾಯಿ ಬರಲಿಲ್ಲ. ಮನೆಗೆ ಬಂದು ಹುಡುಗಿಗೆ ಬೆಲ್ಲದ ಜೊತೆ ಕೊಟ್ಟಳು.

ಹಿಡಿಯಿತು ನೋಡಿ ಆ ಮಾತ್ರೆ! ಒಂದೆರಡು ತಿಂಗಳಲ್ಲಿ ಪದ್ಮಶ್ರೀ ತಟ್ಟೆಯ ಮುಂದೆ ಕೂತು ಪೂರ್ತಿ ಊಟ ಮಾಡಿದಳು. ರಾಮಾಂಜಿನಪ್ಪ ಬೀಡಿ ಹಚ್ಚುವುದನ್ನೂ ಮರೆತು ಮಗಳು ಉಣ್ಣುವುದನ್ನೇ ನೋಡುತ್ತಿದ್ದ. ಬೇರೆ ಸ್ಕೂಲಿಗೆ ಸೇರಿಸಿದರು. ಮೈ ಸ್ವಲ್ಪ ದಪ್ಪಗಾಯಿತು, ಕೂದಲು ಉದುರಿತು, ಬೆಳಿಗ್ಗೆ ಏಳಲು ಒದ್ದಾಡುತ್ತಿದ್ದಳು. ಆದರೂ ಹುಡುಗಿ ಹತ್ತನೇ ಕ್ಲಾಸು ಪಾಸಾದಳು. ಮಧ್ಯೆ ಒಂದು ಸಲ, ಇನ್ನು ಸಾಕೆಂದು ಅಣ್ಣಮ್ಮ ತಾನೇ ಮಾತ್ರೆ ನಿಲ್ಲಿಸಿ ನೋಡಿದ್ದಳು. ತಿಂಗಳೊಳಗೆ ಪದ್ಮಶ್ರೀ ಓಡುವ ಬಸ್ಸಿನಿಂದ ಹಾರಿ ಮೊಣಕೈ ಮುರಿದುಕೊಂಡಳು. ಮತ್ತೆ ನಿಲ್ಲಿಸುವ ಧೈರ್ಯ ಮಾಡಲಿಲ್ಲ.

ಇನ್ನು ಬಾಟಲಿಯ ವಿಷಯ. ಮೊದಲ ಸಲ ದೊಮ್ಮಲೂರಿನ ಮೆಡಿಕಲ್ ಶಾಪಿನಲ್ಲೇ ಚೀಟಿ ಕೊಟ್ಟಿದ್ದಳು. ಅಂಗಡಿಯವನು ಬೀದಿಗೆಲ್ಲ ಕೇಳುವ ಹಾಗೆ, "ಯಾರಿಗಮ್ಮಾ ಫಿಟ್ಸು?" ಎಂದುಬಿಟ್ಟ. ಪಕ್ಕದ ಅಂಗಡಿಯಲ್ಲಿ ಎಲೆಯಡಿಕೆ ಕೊಳ್ಳುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. "ನಮ್ಮ ಹಾಲಿನ ಮನೆ ಅಜ್ಜಿಗೆ" ಎಂದು ಸುಳ್ಳು ಹೇಳಿ ಅವಳು ಹೊರಟಳು. ಅವತ್ತಿನಿಂದ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಖಾದರ್ ಸಾಬರ ಅಂಗಡಿಯಲ್ಲಿ ಕೊಳ್ಳತೊಡಗಿದಳು. ಅಲ್ಲಿ ಅವಳ ಗುರುತು ಯಾರಿಗೂ ಇರಲಿಲ್ಲ. ಮನೆಗೆ ತಂದವಳೇ ಒಂದೊಂದನ್ನೂ ಹಾಳೆಯಿಂದ ಬಿಡಿಸಿ, ಖಾಲಿ ಟಾನಿಕ್ ಮಾತ್ರೆಯ ಬಾಟಲಿಗೆ ತುಂಬಿ, ಅಕ್ಕಿ ಹಾಕಿ, ಹಾಳೆಗಳನ್ನು ನೀರೊಲೆಗೆ ತಳ್ಳುತ್ತಿದ್ದಳು. ಕೇಳಿದವರಿಗೆ, ಮಗಳಿಗೆ ರಕ್ತ ಕಮ್ಮಿ, ಶಕ್ತಿಮಾತ್ರೆ ಎನ್ನುತ್ತಿದ್ದಳು. ಮಗಳಿಗೂ ಅದನ್ನೇ ಕಲಿಸಿದಳು. "ಪ್ರಾಣ ಹೋದ್ರೂ ಬಾಯಿಬಿಡಬೇಡ ಕಂದಾ. ನಿನ್ನ ಜೀವನ ಇದರೊಳಗಿದೆ" ಎಂದು ಬಾಟಲಿ ಅಲ್ಲಾಡಿಸಿ ತೋರಿಸಿದ್ದಳು.

ಹುಡುಗಿಗೆ ಹದಿನೈದಾದಾಗ ಡಾಕ್ಟರಮ್ಮ ಒಂದು ಮಾತು ಹೇಳಿದರು. "ಅಣ್ಣಮ್ಮಾ, ಇವಳ ಮದುವೆ ಗೊತ್ತು ಮಾಡೋಕೆ ಮುಂಚೆ ನನ್ನ ಹತ್ರ ಕರ್ಕೊಂಡು ಬಾ. ಮರೀಬೇಡ."

ಯಾಕೆ ಎಂದು ಅಣ್ಣಮ್ಮ ಕೇಳಲೇ ಇಲ್ಲ. ಕೇಳುವುದೇನು, ಗೊತ್ತಿರುವುದೇ ಅಲ್ಲವೇ! ಓದಿದವರು, ಸತ್ಯವಂತರು, ಗಂಡಿನ ಕಡೆಯವರನ್ನು ಕರೆಸಿ ಎಲ್ಲವನ್ನೂ ಹೇಳಿಬಿಡಬೇಕು ಅನ್ನುತ್ತಾರೆ. ಹೇಳಿದರೆ ಯಾರು ಮಾಡಿಕೊಳ್ಳುತ್ತಾರೆ? ಕೊಟ್ಟಿಗೆಯ ಮೂಲೆ ಅವಳ ಕಣ್ಣ ಮುಂದೆ ಬಂತು. ಆಗಲಿ ಡಾಕ್ಟರಮ್ಮ ಎಂದು ತಲೆಯಾಡಿಸಿ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹಳೆಯ ಚೀಟಿಗೇ ಖಾದರ್ ಸಾಬರು ಮಾತ್ರೆ ಕೊಡುತ್ತಿದ್ದರು. "ಚೀಟಿ ಹಳೇದಾಯ್ತಮ್ಮಾ, ಒಂದು ಸಲ ಡಾಕ್ಟರ್‌ಗೆ ತೋರಿಸ್ಕೊಂಡು ಬನ್ನಿ" ಎಂದು ಅವರು ಎಷ್ಟೋ ಸಲ ಹೇಳಿದ್ದರು. ಅವಳು ಹೂಂ ಎನ್ನುತ್ತಿದ್ದಳು, ಅಷ್ಟೇ.

ಪದ್ಮಶ್ರೀಗೆ ಇಪ್ಪತ್ತು ತುಂಬಿದ ಮೇಲೆ ಕೆ.ಆರ್. ಪುರದಿಂದ ಸಂಬಂಧ ಬಂತು. ಇವರ ಹಾಗೆಯೇ ಒಂದು ಕಾಲದಲ್ಲಿ ಸೊಪ್ಪು ಬೆಳೆಯುತ್ತಿದ್ದ ಮನೆತನ. ಹುಡುಗ ಆನಂದ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಮೆತ್ತಗಿನ ಸ್ವಭಾವ. ಅವನ ತಾಯಿ ಮಾರಕ್ಕ ವಿಧವೆ. ಹೆಣ್ಣು ನೋಡಲು ಬಂದ ದಿನವೇ ಪದ್ಮಶ್ರೀಯ ಗಲ್ಲ ಹಿಡಿದು, "ನನಗೆ ಹೆಣ್ಮಕ್ಕಳಿಲ್ಲ ಬೀಗ್ರೇ, ಇವಳೇ ನನ್ನ ಮಗಳು" ಎಂದಳು. ಬಾಯಿಮಾತಿಗೆ ಅಂದದ್ದಲ್ಲ, ಮದುವೆಯಾದ ಮೇಲೂ ಹಾಗೆಯೇ ನೋಡಿಕೊಂಡಳು. ಕೆಟ್ಟ ಅತ್ತೆಯಾಗಿದ್ದರೆ ಈ ಕಥೆ ಹೀಗಾಗುತ್ತಿರಲಿಲ್ಲ. ಸೊಸೆಯ ಕೈಚೀಲದಲ್ಲಿ ಬಾಟಲಿ ನೋಡಿ, "ಇದೇನವ್ವ, ಮಾತ್ರೆ ಜೊತೆಗೆ ಅಕ್ಕಿ? ಹಸಿವಾದ್ರೆ ಅನ್ನ ಮಾಡ್ಕೊಳ್ಳೋಕಾ?" ಎಂದು ನಕ್ಕಳು. ಶಕ್ತಿಮಾತ್ರೆ ಅತ್ತೆ ಎಂದಳು ಪದ್ಮಶ್ರೀ. ಅಲ್ಲಿಗೆ ಮಾತು ಮುಗಿಯಿತು.

ವರ್ಷ ಕಳೆಯಿತು. ಅಣ್ಣಮ್ಮ ಆಗಾಗ ಹೋಗಿ ಬಾಟಲಿ ತುಂಬಿಸಿ ಬರುತ್ತಿದ್ದಳು. ಇದ್ದಕ್ಕಿದ್ದಂತೆ ಬಾಟಲಿ ಬೇಗಬೇಗ ಖಾಲಿಯಾಗತೊಡಗಿತು. ಮಳೆಗಾಲ, ಅಂಟಿಕೊಂಡು ಕೆಟ್ಟಿರಬೇಕು ಎಂದುಕೊಂಡು ಅವಳು ಇನ್ನಷ್ಟು ಅಕ್ಕಿ ಹಾಕಿ, ಇನ್ನಷ್ಟು ಮಾತ್ರೆ ತುಂಬಿಸಿ ಕೊಟ್ಟಳು.

ಎರಡು ಸಾವಿರದ ಐದನೆಯ ಇಸವಿ, ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ ಮಾರಕ್ಕ ಹೂವು ಹಣ್ಣು ಹಿಡಿದು ದೊಮ್ಮಲೂರಿಗೆ ಬಂದಳು. ಬಾಗಿಲಲ್ಲೇ ನಿಂತು, "ಬಾಯಿ ತೆಗೀರಿ ಬೀಗ್ರೇ" ಎಂದು ಅಣ್ಣಮ್ಮನ ಬಾಯಿಗೆ ಸಕ್ಕರೆ ಹಾಕಿದಳು. "ನಿಮ್ಮ ಮಗಳಿಗೆ ಮೂರು ತುಂಬಿ ನಾಲ್ಕಕ್ಕೆ ಬಿತ್ತು! ಮೂರು ತುಂಬೋವರೆಗೂ ಯಾರ ಬಾಯಿಗೂ ಬೀಳಬಾರದು ನೋಡಿ, ತಾಯಿ ಮನೆಗೂ ಹೇಳಬಾರದು ಅನ್ನೋದು ನಮ್ಮಲ್ಲಿ ನಡ್ಕೊಂಡು ಬಂದಿರೋದು. ಅದಕ್ಕೇ ಬಾಯಿ ಹೊಲ್ಕೊಂಡಿದ್ದೆ. ಕೋಪ ಮಾಡ್ಕೋಬೇಡಿ."

ಕೋಪವೇ! ಅಣ್ಣಮ್ಮ ಅವಳನ್ನು ತಬ್ಬಿಕೊಂಡು ಅತ್ತಳು. ಮಾರಕ್ಕನೂ ಅತ್ತಳು. ಆಮೇಲೆ ಕಾಫಿ ಕುಡಿಯುತ್ತಾ ಮಾರಕ್ಕ ಅಭಿಮಾನದಿಂದ ಹೇಳಿದಳು: "ವರ್ಷವಾದ್ರೂ ನಿಲ್ಲಲಿಲ್ವಲ್ಲ, ಗರ್ಭ ನಿಲ್ಲೋಕೆ ಮೈಯಲ್ಲಿ ಶಕ್ತಿ ಬೇಕು ಅಂತ ನಾನೇ ನಿಮ್ಮ ಮಾತ್ರೆ ಎರಡು ಮಾಡ್ದೆ. ಬೆಳಿಗ್ಗೆ ಒಂದು, ಸಾಯಂಕಾಲ ಒಂದು, ಹಾಲಿನ ಜೊತೆ ಕೈಯಾರೆ ಬಾಯಿಗೆ ಹಾಕ್ತೀನಿ. ಆಸ್ಪತ್ರೇಲಿ ನರ್ಸಮ್ಮ ಬೇರೆ ಏನಾದ್ರೂ ಮಾತ್ರೆ ತಗೋತಿದಾಳಾ ಅಂದ್ರು. ಶಕ್ತಿಮಾತ್ರೆ ಅಂದೆ. ಒಳ್ಳೇದು ಅಂದ್ರು."

ಅಣ್ಣಮ್ಮ ಕಾಫಿ ಲೋಟವನ್ನು ಕೆಳಗಿಟ್ಟಳು. ಫಿಟ್ಸಿನ ಮಾತ್ರೆ, ಬಸುರಿಯ ಹೊಟ್ಟೆಗೆ, ಅದೂ ದಿನಕ್ಕೆರಡು!

ಮರುದಿನವೇ ಆರು ವರ್ಷದ ಮೇಲೆ ದೊಡ್ಡಾಸ್ಪತ್ರೆಯ ಮೆಟ್ಟಿಲು ಹತ್ತಿದಳು. ಡಾಕ್ಟರಮ್ಮನ ತಲೆ ಬೆಳ್ಳಗಾಗಿತ್ತು. ಎಲ್ಲ ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಗುವಿನ ಬೆನ್ನುಹುರಿ ಮುಚ್ಕೊಳ್ಳೋದು ಮೊದಲ ತಿಂಗಳಲ್ಲಿ ಅಣ್ಣಮ್ಮಾ. ತಾನು ಬಸುರಿ ಅಂತ ತಾಯಿಗೇ ಗೊತ್ತಾಗೋಕೆ ಮುಂಚೆ. ಈ ಮಾತ್ರೆ ಅದನ್ನ ಮುಚ್ಚೋಕೆ ಬಿಡದೇ ಇರಬಹುದು. ಎಲ್ಲರಿಗೂ ಹಾಗಾಗಲ್ಲ. ಆದ್ರೆ ಜಾಸ್ತಿ ತಗೊಂಡಷ್ಟೂ ಅಪಾಯ ಜಾಸ್ತಿ. ಮದುವೆಗೆ ಮುಂಚೆ ಬಾ ಅಂದಿದ್ದು ಅದಕ್ಕೇ. ಬೇರೆ ಮಾತ್ರೆಗೆ ಬದಲಾಯಿಸೋಣ ಅಂತ."

"ಗಂಡಿನ ಕಡೆಯೋರಿಗೆ ಹೇಳ್ತೀರಾ ಅಂತ ಅಂದ್ಕೊಂಡೆ ತಾಯಿ" ಎಂದಳು ಅಣ್ಣಮ್ಮ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೇಗ ಸ್ಕ್ಯಾನ್ ಮಾಡಿಸು ಎಂದರು.

ಸ್ಕ್ಯಾನ್ ಮಾಡಿದ ದಿನ ಆನಂದ್ ಹೊರಗೆ ಬಂದು ಹೇಳಿದ. ಮಗುವಿನ ಬೆನ್ನು ಮುಚ್ಚಿರಲಿಲ್ಲ, ತಲೆಯಲ್ಲಿ ನೀರು ತುಂಬಿತ್ತು. ಹುಟ್ಟಿದರೂ ಬಹಳ ಕಷ್ಟ, ತೆಗೆಸುವುದಾದರೆ ಕಾಯಬೇಡಿ ಎಂದರು ಅಲ್ಲಿನ ಡಾಕ್ಟರು. ತೆಗೆಸಿದರು. ಗಂಡು ಮಗು. ಬಟ್ಟೆಯಲ್ಲಿ ಸುತ್ತಿದ್ದನ್ನು ಮಾರಕ್ಕ ಬಿಡಿಸಿ ನೋಡಿ, ಮತ್ತೆ ಮೆತ್ತಗೆ ಸುತ್ತಿ ಮಗನ ಕೈಗೆ ಕೊಟ್ಟಳು. ಸೊಸೆಯ ಮೇಲೆ ಒಂದು ಮಾತೂ ಆಡಲಿಲ್ಲ. "ನಾನೇ ಏನೋ ಪಾಪ ಮಾಡಿದೀನಿ ಬೀಗ್ರೇ, ನನ್ನ ಕಣ್ಣೇ ಬಿತ್ತೇನೋ" ಎಂದು ಅಣ್ಣಮ್ಮನ ಹೆಗಲ ಮೇಲೆ ತಲೆಯಿಟ್ಟಳು. ಅಣ್ಣಮ್ಮ ಅವಳ ಬೆನ್ನು ಸವರಿದಳು. ಇಂದಿರಾನಗರವನ್ನೇ ನಡುಗಿಸಿದ ಬಾಯಿ, ಇಲ್ಲ ಮಾರಕ್ಕ ನಿಮ್ಮದೇನೂ ತಪ್ಪಿಲ್ಲ ಎಂಬ ಒಂದು ಮಾತನ್ನೂ ಆಡಲಾಗದೆ ಮುಚ್ಚಿಕೊಂಡಿತು.

ಹಸಿಮೈ ಆರಲಿ ಎಂದು ಮಗಳನ್ನು ದೊಮ್ಮಲೂರಿಗೆ ಕರೆತಂದಳು. ಹಸುಗಳನ್ನು ಕಟ್ಟುವ ಜಾಗದಲ್ಲಿ ಇಬ್ಬರೇ ಕೂತಿದ್ದಾಗ ಎಲ್ಲವನ್ನೂ ಹೇಳಿದಳು. ಪದ್ಮಶ್ರೀ ಹಸುವಿನ ಮುಂದೆ ಒಂದು ಹಿಡಿ ಹುಲ್ಲು ಹಾಕಿದಳು. ಆಮೇಲೆ ಹೇಳಿದಳು: "ಎರಡು ತಿಂದ್ರೆ ತಲೆ ಮಂಪರಾಗ್ತಿತ್ತಮ್ಮಾ. ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರಲ್ಲ. ಬಾಯಿಬಿಡಬೇಡ ಅಂದಿದ್ದೆ ನೀನು."

ಈ ಸಲ ಅಣ್ಣಮ್ಮ ತಪ್ಪು ಮಾಡಲಿಲ್ಲ. ಮಗಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಅವರು ಹಳೆಯ ಮಾತ್ರೆಯನ್ನು ನಿಧಾನವಾಗಿ ಇಳಿಸಿ ಹೊಸದನ್ನು ಶುರುಮಾಡಿದರು. ಹೊಸದು ಹಿಡಿಯಲಿಲ್ಲ. ಇನ್ನೊಂದು ಕೊಟ್ಟರು, ಅದಕ್ಕೆ ಮೈಯೆಲ್ಲ ಬೊಬ್ಬೆಯೆದ್ದು ನಿಲ್ಲಿಸಬೇಕಾಯಿತು. ಮತ್ತೊಂದಿದೆ, ಅವಸರ ಬೇಡ, ತಾಳ್ಮೆ ಇರಲಿ ಎಂದರು ಡಾಕ್ಟರಮ್ಮ. ಆದರೆ ಅಷ್ಟರಲ್ಲಿ ಒಂಬತ್ತು ವರ್ಷದ ಹುಡುಗಿ ಇಪ್ಪತ್ತೊಂದರ ಮೈಯೊಳಗೆ ವಾಪಸು ಬಂದಿದ್ದಳು. ಹಾಲು ಚೆಲ್ಲುತ್ತಿದ್ದಳು, ಬಾಡಿಗೆಯವರ ಮೇಲೆ ಏರಿ ಹೋಗುತ್ತಿದ್ದಳು. ಒಂದು ದಿನ ಅರ್ಧ ಕಟ್ಟಿ ನಿಲ್ಲಿಸಿದ್ದ ಫ್ಲೈಓವರಿನ ಮೇಲೆ ಹತ್ತಿ ನಿಂತಿದ್ದವಳನ್ನು ರಾಮಾಂಜಿನಪ್ಪ ಕಾಲಿಗೆ ಬಿದ್ದು ಇಳಿಸಿಕೊಂಡು ಬಂದ. ತಂದೆ ಮಗಳ ಕಾಲಿಗೆ ಬೀಳುವುದೆಂದರೆ ಏನು ಹೇಳಿ! ಅವತ್ತು ಅವನು ಊಟ ಮಾಡಲಿಲ್ಲ.

ಅದರ ಮುಂದಿನ ಭಾನುವಾರ ಆನಂದ್ ಹೆಂಡತಿಯನ್ನು ನೋಡಲು ಬಂದ. ಯಾವಾಗ ಬರ್ತೀಯಾ ಎಂದು ಕೇಳಿದ್ದಷ್ಟೇ ಅವನ ತಪ್ಪು. ಹಾಲಿನ ಕ್ಯಾನು ಹಾರಿ ಬಂದು ಹುಬ್ಬು ಸೀಳಿತು. ರಕ್ತ ಒರೆಸಿಕೊಳ್ಳುತ್ತಾ ಅವನು, "ಇವಳಿಗೇನಾಗಿದೆ ಅತ್ತೆ? ನಮ್ಮನೇಲಿ ಹೀಗಿರಲಿಲ್ವಲ್ಲ" ಎಂದ. ಸಿಟ್ಟಿನಿಂದಲ್ಲ, ಹೆದರಿಕೆಯಿಂದ ಕೇಳಿದ. ಪದ್ಮಶ್ರೀ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು. "ರೀ, ಬಿಟ್ಟುಬಿಡಬೇಡ್ರೀ, ನಾನು ಬೇಕಂತ ಮಾಡಲಿಲ್ಲ" ಎಂದು ಅದನ್ನೇ ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಮಾರಕ್ಕ ಬಂದಳು. ಜಗಳಕ್ಕೆ ಬಂದಿದ್ದರೆ ಅಣ್ಣಮ್ಮನಿಗೆ ಉತ್ತರವಿತ್ತು. ಅವಳು ಬಂದದ್ದು ಸೊಸೆಯ ತಲೆ ಸವರಲು. ಕೆದರಿದ ಕೂದಲನ್ನು ಬಿಡಿಸುತ್ತಾ, "ಅಲ್ಲ ಬೀಗ್ರೇ, ಶಕ್ತಿಮಾತ್ರೆ ನಿಲ್ಲಿಸಿದೀರಂತೆ? ಮಗು ಕಳ್ಕೊಂಡು ಬರಿದಾಗಿರೋ ಮೈ, ಶಕ್ತಿ ಇಲ್ದಿದ್ರೆ ತಲೆ ಕೆಡದೆ ಏನಾಗತ್ತೆ? ಅವನ ಹಣೆ ನೋಡಿ ನೆಂಟರೆಲ್ಲ ಏನೇನೋ ಅಂತಿದಾರೆ, ಅಲ್ಲೇ ಬಿಟ್ಟುಬಿಡು ಅಂತಾರೆ. ನಾನು ಬಿಡ್ತೀನಾ? ನೋಡಿ, ಮನೇಲಿ ಉಳಿದಿತ್ತು, ತಂದಿದೀನಿ" ಎಂದು ಸೆರಗಿನ ಗಂಟು ಬಿಚ್ಚಿ ಬಾಟಲಿ ತೆಗೆದಳು. ಅಂಗೈಗೆ ಸುರಿದು, ಅಕ್ಕಿಕಾಳುಗಳನ್ನು ಬೆರಳಿನಿಂದ ಸರಿಸಿ ಎರಡು ಮಾತ್ರೆ ಆರಿಸಿದಳು. "ಹೀಗೇ ತಗೊಂಡ್ರೆ ಮುಂದಿನ ಸಲ ಎಲ್ಲಾ ಸರಿಯಾಗತ್ತೆ. ಬಾಯಿ ತೆಗಿ ನನ್ನವ್ವ."

ಅಣ್ಣಮ್ಮ ಕಂಬ ಹಿಡಿದು ನಿಂತಿದ್ದಳು. ಹೇಳಿಬಿಡಬೇಕು. ಕೊಟ್ಟಿಗೆಯಾದರೆ ಕೊಟ್ಟಿಗೆ, ಇನ್ನೊಂದು ಹಸುಗೂಸನ್ನು ಬಟ್ಟೆಯಲ್ಲಿ ಸುತ್ತುವುದು ಬೇಡ. "ಮಾರಕ್ಕಾ, ತಡೀರಿ, ಅದು ಶಕ್ತಿಮಾತ್ರೆ..." ಎಂದು ಬಾಯಿ ತೆರೆದಳು.

"ಕೊಡಿ ಅತ್ತೆ" ಎಂದಳು ಪದ್ಮಶ್ರೀ. ಅಮ್ಮನ ಮಾತನ್ನು ಅಲ್ಲೇ ತುಂಡು ಮಾಡಿ, ಅವಳನ್ನೇ ನೋಡುತ್ತಾ ಹೇಳಿದಳು. ಕಣ್ಣಿನಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. "ನಂಗೊಂದು ಮನೆ ಇದೆಯಲ್ಲಮ್ಮಾ. ನಾನು ಮನೆಗೆ ಹೋಗ್ಬೇಕು."

ಅವಳು ಬಾಯಿ ತೆರೆದಳು. ಮಾರಕ್ಕ ಎರಡೂ ಮಾತ್ರೆಗಳನ್ನು ಮೆಲ್ಲಗೆ ನಾಲಿಗೆಯ ಮೇಲಿಟ್ಟು, "ನೀರು ಕೊಡಿ ಬೀಗ್ರೇ" ಎಂದಳು.

ಅಣ್ಣಮ್ಮ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.